ಎಸೆನ್ಸ್ ಬಾಟಲಿಯಲ್ಲೂ ಎಸ್ಟರ್, ಪ್ಯಾಂಟಲ್ಲೂ ಎಸ್ಟರ್!

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಜ್ಯೂಸ್ ಅಂಗಡಿ. ಮಿಲ್ಕ್‌ಶೇಕಿಗೆ ಹಾಕುವ ಬಾಳೆಹಣ್ಣಿನ ಎಸೆನ್ಸ್ ನೋಡಿ ಹನ್ನೆರಡನೇ ಕ್ಲಾಸಿನ ಮಗ, "ಅಪ್ಪಾ, ಇದು ಎಸ್ಟರ್. ನಿಮ್ಮ ಪ್ಯಾಂಟಲ್ಲಿರೋದೂ ಎಸ್ಟರೇ" ಅಂತಾನೆ. ಎಸ್ಟರ್ ಅಂದರೇನು? ಸುಮ್ನೆ ಕಾಲೆಳೀತಿದ್ದಾನಾ?

ಉತ್ತರ: ಇಲ್ಲ, ಮಗ ಹೇಳಿದ್ದು ಸರಿ. ಆಮ್ಲವೂ ಆಲ್ಕೋಹಾಲೂ ಕೂಡಿಕೊಳ್ಳುವಾಗ ನೀರಿನ ಒಂದು ಅಣು ಹೊರಗೆ ಬೀಳುತ್ತದೆ. ಉಳಿದ ಜೋಡಿಯೇ ಎಸ್ಟರ್. 1848ರಲ್ಲಿ ಈ ಹೆಸರಿಟ್ಟವರು ಜರ್ಮನಿಯ ಲಿಯೋಪೋಲ್ಡ್ ಗ್ಮೆಲಿನ್.

ನಿಮ್ಮ ಬಾಟಲಿಯ ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟಿನದು. ವಿನೆಗರ್‌ನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವೇ ಅದರ ಒಂದು ಪಾಲು. ಅನಾನಸ್ ಎಸೆನ್ಸಿನದು ಇನ್ನೂ ಮಜಾ. ಹಳಸಿದ ಬೆಣ್ಣೆ ಮೂಗಿಗೆ ಹೊಡೆಯುತ್ತದಲ್ಲ, ಅದು ಬ್ಯುಟಿರಿಕ್ ಆಮ್ಲ. ಲ್ಯಾಬಿನಲ್ಲಿ ಅದರ ಮುಚ್ಚಳ ತೆಗೆದರೆ ಪಕ್ಕದ ರೂಮಿನವರೂ ಬಂದು ಬೈಯುತ್ತಾರೆ. ಅದೇ ಆಮ್ಲಕ್ಕೆ ಎಥೆನಾಲ್ ಅನ್ನೋ ಆಲ್ಕೋಹಾಲ್ ಜೋಡಿಸಿ, ಅನಾನಸ್ ಹೆಚ್ಚಿದ ಹಾಗೆ ಘಮಘಮ!

ಎಸ್ಟರ್‌ಗಳೆಲ್ಲ ಹೀಗೆ ಘಮಘಮಿಸುತ್ತವೆ ಅಂತಲ್ಲ. ತೆಂಗಿನೆಣ್ಣೆ, ತುಪ್ಪದಲ್ಲಿರುವ ಕೊಬ್ಬೂ ಎಸ್ಟರೇ. ಗ್ಲಿಸರಾಲ್ ಅನ್ನೋ ಒಂದು ಆಲ್ಕೋಹಾಲ್, ಅದಕ್ಕೆ ಅಂಟಿಕೊಂಡ ಮೂರು ಕೊಬ್ಬಿನ ಆಮ್ಲ. ಕಾಸ್ಟಿಕ್ ಸೋಡಾ ಹಾಕಿ ಆ ಅಂಟು ಬಿಡಿಸಿದರೆ ಸಾಬೂನು ಸಿಗುತ್ತದೆ.

ಈಗ ಪ್ಯಾಂಟು. ಎರಡೂ ತುದಿಯಲ್ಲಿ ಆಮ್ಲದ ಗುಂಪಿರುವ ಅಣುಗಳು, ಎರಡೂ ತುದಿಯಲ್ಲಿ ಆಲ್ಕೋಹಾಲ್ ಗುಂಪಿರುವ ಅಣುಗಳು. ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತರೆ ಉದ್ದದ ಸರಪಳಿ, ಅಂದರೆ ಪಾಲಿಯೆಸ್ಟರ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇದರಿಂದ ನೂಲು ತೆಗೆದರು. ನೀವು ಅಂಗಡಿಯಲ್ಲಿ ಮಾರುವ ನೀರಿನ ಬಾಟಲಿಯೂ ಇದೇ ಪ್ಲಾಸ್ಟಿಕ್.

ಮನೆಯಲ್ಲಿ ಎಸ್ಟರ್ ಮುರಿಯುವುದನ್ನೂ ನೋಡಬಹುದು. ನೀರು ಬಿಟ್ಟುಕೊಟ್ಟು ಆದ ಜೋಡಿ ಇದು, ಮತ್ತೆ ನೀರು ಸಿಕ್ಕರೆ ಬಿಟ್ಟುಹೋಗಲೂಬಹುದು. ಆಸ್ಪಿರಿನ್ ಒಂದು ಎಸ್ಟರ್. ನಮ್ಮ ಮುಂಬೈ ಕಡೆಯ ಮಳೆಗಾಲ ಗೊತ್ತಲ್ವಾ, ಉಪ್ಪಿನ ಡಬ್ಬಿಯೂ ಒದ್ದೆ. ಹೀಗೆ ತೇವ ಹಿಡಿದ ಹಳೇ ಆಸ್ಪಿರಿನ್ ಡಬ್ಬಿ ತೆರೆದು ಮೂಸಿದರೆ ವಿನೆಗರ್ ವಾಸನೆ ಬರುತ್ತದೆ. ಅಸಿಟಿಕ್ ಆಮ್ಲ ಕಳಚಿಕೊಂಡಿದೆ ಅಂತ ಅರ್ಥ. ಆ ಮಾತ್ರೆ ನುಂಗಬೇಡಿ, ಎಸೆದುಬಿಡಿ.

ಪ್ಯಾಂಟಿಗೆ ಆ ಭಯ ಬೇಡ. ಪಾಲಿಯೆಸ್ಟರ್ ನೀರನ್ನೇ ಜಾಸ್ತಿ ಹೀರಿಕೊಳ್ಳುವುದಿಲ್ಲ. ಲೋಕಲ್ ಹತ್ತುವಾಗ ನೆನೆದದ್ದು ಠಾಣೆ ದಾಟುವಷ್ಟರಲ್ಲಿ ಅರ್ಧ ಒಣಗಿರುತ್ತದೆ.