ಯಾವ ಮಂಡಿ ಎಂದು ಮತ್ತೆ ಮತ್ತೆ ಕೇಳುವುದೇಕೆ?

ಪ್ರಶ್ನೆ: ನನ್ನ ತಾಯಿಗೆ ಬಲ ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ವಾರ್ಡಿನಲ್ಲಿ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ಕೊನೆಗೆ ಮೇಜಿನ ಮೇಲೆ ಮಲಗಿಸಿದ ಮೇಲೂ ‘ಹೆಸರೇನು, ಯಾವ ಕಾಲು’ ಎಂದು ಕೇಳಿದರಂತೆ. ಇವರಿಗೇ ಗೊತ್ತಿಲ್ಲವೇನೋ ಎಂದು ಅವರು ತುಂಬಾ ಹೆದರಿದ್ದರು. ಎಡ ಮಂಡಿಗೂ ಆಗಬೇಕಿದೆ. ಇದು ಸರಿಯಾದ ಕ್ರಮವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸರಿಯಾದ ಕ್ರಮವೇ. ಕೇಳದೆ ಇದ್ದಿದ್ದರೆ ಆತಂಕಪಡಬೇಕಿತ್ತು. ಎಕ್ಸ್-ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ತಿರುವಿ ಸಿಕ್ಕಿಸಿದರೆ ಸಾಕು, ಎಡವೇ ಬಲವಾಗಿ ಕಾಣುತ್ತದೆ; ಒಂದೇ ದಿನ ಒಂದೇ ಹೆಸರಿನ ಇಬ್ಬರು ರೋಗಿಗಳಿರುವುದೂ ಉಂಟು. ಆದ್ದರಿಂದ ರೋಗಿ ಎಚ್ಚರವಾಗಿರುವಾಗಲೇ ಶಸ್ತ್ರಚಿಕಿತ್ಸಕರು ಕಾಲಿನ ಮೇಲೆ ಅಳಿಸದ ಶಾಯಿಯಿಂದ ಗುರುತು ಹಾಕುತ್ತಾರೆ, ಉಳಿದವರು ರೋಗಿಯ ಬಾಯಿಂದಲೇ ಉತ್ತರ ಕೇಳಿ ಅದನ್ನು ತಾಳೆ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳುಹಿಸುವ ಮೊದಲು ಎಂದು ಮೂರು ನಿಲುಗಡೆಗಳಿವೆ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಇದನ್ನು ಪ್ರಯೋಗಿಸಿದಾಗ, 2009ರಲ್ಲಿ ಪ್ರಕಟವಾದ ವರದಿಯಂತೆ, ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಎಷ್ಟು ಸಲ ಕೇಳಿದರೂ ಬೇಸರಿಸದೆ ‘ಎಡ ಮಂಡಿ’ ಎಂದು ಹೇಳಲು ತಾಯಿಗೆ ತಿಳಿಸಿ.

ಪ್ರಶ್ನೆ: ನಾನು ಥಿಯೇಟರ್ ನರ್ಸ್. ನಮ್ಮಲ್ಲಿ ಆ ಪಟ್ಟಿಯನ್ನು ಸಂಜೆ ಒಟ್ಟಿಗೆ ಕುಳಿತು ತುಂಬುತ್ತೇವೆ. ಪ್ರತಿ ಸಲ ನಿಂತು ಓದಿದರೆ ಮುಂದಿನ ಕೇಸು ತಡವಾಗುತ್ತದೆ ಎನ್ನುತ್ತಾರೆ.
– ಓದುಗರೊಬ್ಬರು, ಹಾಸನ

ಉತ್ತರ: ಓದಿ ಓದಿ ನನಗೆ ಸಂಕಟವಾಯಿತು. ಸಂಜೆ ತುಂಬಿದ ಪಟ್ಟಿ ಯಾರನ್ನೂ ಕಾಪಾಡುವುದಿಲ್ಲ. ಕೆನಡಾದ ಒಂಟಾರಿಯೋದಲ್ಲಿ 101 ಆಸ್ಪತ್ರೆಗಳು ಪಟ್ಟಿಯನ್ನು ಜಾರಿಗೆ ತಂದ ಮೇಲೂ ಸಾವಿನ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲವೆಂದು 2014ರ ಅಧ್ಯಯನವೊಂದು ಹೇಳಿತು. ಕಾಗದ ಬಂತು, ಮಾತು ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನು ತಡದ ವಿಷಯ. ಓದಲು ಒಂದೆರಡು ನಿಮಿಷ ಸಾಕು, ಆದರೆ ಮಂಡಿ ತೆರೆದ ಮೇಲೆ ಬೇಕಾದ ಅಳತೆಯ ಕೃತಕ ಕೀಲು ಸ್ಟೋರಿನಲ್ಲಿಲ್ಲವೆಂದು ತಿಳಿದರೆ ಇಡೀ ದಿನದ ಶಸ್ತ್ರಚಿಕಿತ್ಸೆಗಳೇ ಹಿಂದೆ ಬೀಳುತ್ತವೆ. ಕೊಯ್ಯುವುದಕ್ಕೆ ಮುಂಚಿನ 60 ನಿಮಿಷದೊಳಗೆ ಆ್ಯಂಟಿಬಯಾಟಿಕ್ ಕೊಟ್ಟಿದ್ದಾರೆಯೇ, ರಕ್ತ ಸಿದ್ಧವಿದೆಯೇ ಎಂಬುದೂ ಪಟ್ಟಿ ಓದುವಾಗಲೇ ಗೊತ್ತಾಗುತ್ತದೆ. ಕೊನೆಯಲ್ಲಿ ಮಾಪ್‌ಗಳ (ರಕ್ತ ಒರೆಸುವ ಬಟ್ಟೆಗಳ) ಲೆಕ್ಕ ಒಂದು ಕಡಿಮೆ ಬಂದರೆ ಹೊಲಿಗೆ ಮುಗಿಯುವ ಮೊದಲೇ ಗಟ್ಟಿಯಾಗಿ ಹೇಳಿ. ಮಾಪ್ ದೇಹದೊಳಗೆ ಉಳಿದಿದ್ದರೆ ಅದರ ವಿಶೇಷ ಎಳೆ ಎಕ್ಸ್-ರೇಯಲ್ಲಿ ಕಾಣಿಸುತ್ತದೆ.

ನಾಳೆಯಿಂದಲೇ ಒಂದು ಕೆಲಸ ಮಾಡಿ. ಪಟ್ಟಿಯನ್ನು ಎಲ್ಲರಿಗೂ ಕೇಳುವಂತೆ ಓದಿ ಮುಗಿಸುವ ತನಕ ಚಾಕುವನ್ನು ಟ್ರಾಲಿಯ ಮೇಲೆ ಬಟ್ಟೆ ಮುಚ್ಚಿ ಇಡಿ.