"ಶಾಲೆಯವರೇ ಸೇರಿಸ್ತಾರಾ ಅಕ್ಕಾ?" ಅಂತ ಕೇಳಿದ್ದೀರಿ

ನಿಮ್ಮ ಪತ್ರ ಬಂದು ನಾಲ್ಕು ದಿನ ಆಯಿತು. ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಅಮೆರಿಕದ ಸಿಯಾಟಲ್‌ಗೆ ಬರುತ್ತಿದ್ದೇವೆ, ಮಗಳು ಏಳನೇ ಕ್ಲಾಸ್ ಮುಗಿಸಿದ್ದಾಳೆ, ಮಗ ಇನ್ನೂ ಮೂರನೇ ಕ್ಲಾಸ್ ಅಂತ ಬರೆದಿದ್ದೀರಿ. ಚಳಿ ಹೇಗೆ, ಬಾಡಿಗೆ ಎಷ್ಟು, ಅಡುಗೆ ಸಾಮಾನು ಸಿಗುತ್ತಾ ಅಂತೆಲ್ಲ ಕೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. "ಅಲ್ಲಿ ಹೈಸ್ಕೂಲಿನಲ್ಲಿ ಎಪಿ ಅಂತ ಇರುತ್ತಂತಲ್ಲ, ಅದಕ್ಕೆ ಶಾಲೆಯವರೇ ಸೇರಿಸ್ತಾರಾ ಅಕ್ಕಾ?" ಆ ಒಂದು ಸಾಲು ಓದಿ ಎದ್ದು ಹೋದವಳು, ಇವತ್ತು ಕೂತು ಬರೆಯುತ್ತಿದ್ದೇನೆ.

ಮೊದಲು ಉಳಿದದ್ದು ಹೇಳಿಬಿಡುತ್ತೇನೆ. ಚಳಿ ಅಷ್ಟೇನಿಲ್ಲ, ಮಳೆ ಜಾಸ್ತಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ. ಮನಸ್ಸು ಮಂಕಾಗುತ್ತದೆ, ಆದರೂ ದಿನಾ ಸ್ವಲ್ಪ ಹೊರಗೆ ನಡೆಯಿರಿ. ಬಾಡಿಗೆ ಒಂದೊಂದು ಊರಿಗೆ ಒಂದೊಂದು ಥರ, ನಿಮ್ಮ ಯಜಮಾನರ ಆಫೀಸಿನವರನ್ನೇ ಕೇಳುವುದು ಒಳ್ಳೆಯದು. ಅಕ್ಕಿ, ಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯಿಂದ ತನ್ನಿ. ಮಂಡಕ್ಕಿಯೂ ಸಿಗುತ್ತದೆ, ಆದರೆ ನಿಮ್ಮೂರಿನ ರುಚಿ ಇಲ್ಲ.

ಈಗ ಎಪಿ. ಪೂರ್ತಿ ಹೆಸರು ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ 1955ರಿಂದ ನಡೆಸಿಕೊಂಡು ಬಂದಿದೆ. ಹೈಸ್ಕೂಲಿನಲ್ಲಿ, ಇಲ್ಲಿ ಅದು ಒಂಬತ್ತರಿಂದ ಹನ್ನೆರಡನೇ ಕ್ಲಾಸು, ಇದ್ದುಕೊಂಡೇ ಕಾಲೇಜು ಮಟ್ಟದ ಪಾಠ ಕಲಿಯುವುದು. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಹಳ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಕೆಲವು 4 ಅಥವಾ 5 ಕೇಳುತ್ತವೆ. ಕ್ರೆಡಿಟ್ ಸಿಕ್ಕಿತು ಅಂದರೆ ಆ ಪಾಠಕ್ಕೆ ಕಾಲೇಜಿನಲ್ಲಿ ಮತ್ತೆ ಫೀಸು ಕಟ್ಟಬೇಕಿಲ್ಲ. ಒಂದು ಪರೀಕ್ಷೆಗೆ ಸುಮಾರು 100 ಡಾಲರ್. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ರಿಯಾಯಿತಿ ಉಂಟು, ಅದಕ್ಕೆ ಕೌನ್ಸೆಲರ್, ಅಂದರೆ ಯಾವ ಮಗು ಯಾವ ಪಾಠ ತೆಗೆದುಕೊಳ್ಳಬೇಕು ಅಂತ ಶಾಲೆಯಲ್ಲಿ ನೋಡಿಕೊಳ್ಳುವವರ ಹತ್ತಿರ ಹೋಗಬೇಕು. ಪರೀಕ್ಷೆ ಮೇನಲ್ಲಿದ್ದರೂ ಹೆಸರು ಕೊಡುವುದು ನವೆಂಬರ್ ಮಧ್ಯದೊಳಗೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫೀಸು ಮುಂಚೆಯೇ ಕಟ್ಟಿಸಿಕೊಳ್ಳುತ್ತಾರಲ್ಲ, ಹಾಗೆ.

ಇಷ್ಟು ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ಶಾಲೆಯವರೇ ಸೇರಿಸ್ತಾರಾ ಅನ್ನುವುದು ಬೇರೆ ಮಾತು.

ನಾನು ಅರಸೀಕೆರೆಯ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರಿ ಜೂನಿಯರ್ ಕಾಲೇಜಿಗೆ ಅರ್ಜಿ ಹಾಕಿದೆ. ಒಂದು ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಅಂಟಿಸಿದ್ದರು. ಸೈನ್ಸ್ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅಪ್ಪ ಯಾರ ಹತ್ತಿರವೂ ಹೋಗಿ ಮಾತಾಡಲಿಲ್ಲ. ಮಾರ್ಕ್ಸ್ ಕಾರ್ಡೇ ನನ್ನ ಪರವಾಗಿ ಮಾತಾಡಿತು. ಅದೂ ಎಲ್ಲರಿಗೂ ನ್ಯಾಯ ಕೊಡುವ ಪದ್ಧತಿ ಅಂತ ನಾನು ಹೇಳುವುದಿಲ್ಲ, ಟ್ಯೂಷನ್ ದುಡ್ಡಿಲ್ಲದ ಎಷ್ಟು ಮಕ್ಕಳು ಅಲ್ಲೇ ನಿಂತುಹೋದರು ಅಂತ ನಿಮಗೂ ಗೊತ್ತು. ಆದರೆ ಮಾರ್ಕ್ಸ್ ಇದ್ದರೆ ಹೆಸರು ಬರುತ್ತದೆ ಅನ್ನುವ ನಂಬಿಕೆ ನನ್ನೊಳಗೆ ಗಟ್ಟಿಯಾಗಿ ಕೂತಿತ್ತು. ಅದನ್ನೇ ಕಟ್ಟಿಕೊಂಡು ಇಲ್ಲಿಗೆ ಬಂದೆ.

ಬಂದದ್ದು 2008ರ ಆಗಸ್ಟ್. ಮಗಳಿಗೆ ಹನ್ನೆರಡು, ಮಗನಿಗೆ ಮೂರು. ಸಿಯಾಟಲ್‌ನ ದಕ್ಷಿಣಕ್ಕೆ ಒಂದು ಊರಿನ ಅಪಾರ್ಟ್‌ಮೆಂಟ್, ಬಾಗಿಲೆದುರಿಗೇ ಶಾಲೆಯ ಬಸ್ಸು. ಮಗಳನ್ನು ಏಳನೇ ಕ್ಲಾಸಿಗೆ ಹಾಕಿಕೊಂಡರು. ಮನೆಯಲ್ಲಿ ಯಾವ ಭಾಷೆ ಅಂತ ಫಾರ್ಮಿನಲ್ಲಿ ಕೇಳಿದ್ದರು, ಕನ್ನಡ ಅಂತ ಬರೆದೆವು. ಇಂಗ್ಲಿಷ್ ಪರೀಕ್ಷೆ ಮಾಡಿ, ದಿನಕ್ಕೆ ಒಂದು ಪೀರಿಯಡ್ ಇಂಗ್ಲಿಷ್ ಕಲಿಸುವ ಕ್ಲಾಸಿಗೆ ಕಳಿಸಿದರು. ಅದರಲ್ಲಿ ತಪ್ಪೇನಿಲ್ಲ. ಅದರ ಜೊತೆಗೇ ಗಣಿತವನ್ನೂ ಸಾಮಾನ್ಯ ಕ್ಲಾಸಿಗೆ ಹಾಕಿದರು. ಅಲ್ಲಿ ಮಾಡಿಸುತ್ತಿದ್ದ ಲೆಕ್ಕಗಳನ್ನು ಅವಳು ಊರಿನಲ್ಲಿ ಆಗಲೇ ಮಾಡಿ ಮುಗಿಸಿದ್ದಳು. "ಸುಲಭ ಇದೆ ಅಮ್ಮ" ಅಂದಳು. ನನಗೆ ಸಮಾಧಾನವೇ ಆಯಿತು. ಹೊಸ ದೇಶ, ಮಗು ಅಳದೆ ಶಾಲೆಗೆ ಹೋಗುತ್ತಿದೆ, ಸಾಕಲ್ವಾ ಅನ್ನಿಸಿತು.

ನವೆಂಬರ್‌ನಲ್ಲಿ ತಂದೆತಾಯಿಯರನ್ನು ಕರೆದರು. ಟೀಚರ್ ನಗುನಗುತ್ತಾ "ತುಂಬಾ ಚೆನ್ನಾಗಿ ಮಾಡುತ್ತಿದ್ದಾಳೆ" ಅಂದರು. ನಾವು ಕೈಮುಗಿದು ಬಂದೆವು. ಮೇಷ್ಟ್ರು ಚೆನ್ನಾಗಿದೆ ಅಂದಮೇಲೆ ಮುಗಿಯಿತಲ್ಲ. ಮೇಷ್ಟ್ರನ್ನು ಮರುಪ್ರಶ್ನೆ ಕೇಳುವುದು ನಮ್ಮ ಮನೆಗಳಲ್ಲಿ ಕಲಿಸಿದ್ದಲ್ಲ. ನಿಮ್ಮ ಮನೆಯಲ್ಲೂ ಇಲ್ಲ ಅಂತ ನನಗೆ ಗೊತ್ತು.

ಇಲ್ಲಿನ ಗಣಿತ ಒಂದು ಏಣಿ. ಆಲ್ಜೀಬ್ರಾ ಒಂದು, ಜಾಮೆಟ್ರಿ, ಆಲ್ಜೀಬ್ರಾ ಎರಡು, ಪ್ರಿಕ್ಯಾಲ್ಕುಲಸ್, ಆಮೇಲೆ ಎಪಿ ಕ್ಯಾಲ್ಕುಲಸ್. ವರ್ಷಕ್ಕೆ ಒಂದು ಮೆಟ್ಟಿಲು. ಎಂಟನೇ ಕ್ಲಾಸಿನಲ್ಲಿ ಮೊದಲ ಮೆಟ್ಟಿಲು ಹತ್ತಿದ ಮಗು ಹನ್ನೆರಡನೇ ಕ್ಲಾಸಿಗೆ ಕ್ಯಾಲ್ಕುಲಸ್ ಮುಟ್ಟುತ್ತದೆ. ಒಂಬತ್ತಕ್ಕೆ ಹತ್ತಿದರೆ ಪ್ರಿಕ್ಯಾಲ್ಕುಲಸ್‌ಗೇ ಶಾಲೆ ಮುಗಿಯುತ್ತದೆ. ಅಂದರೆ ಹನ್ನೆರಡನೆಯದರ ಎಪಿ ಕ್ಲಾಸಿನಲ್ಲಿ ಯಾರು ಕೂರುತ್ತಾರೆ ಅನ್ನುವುದು ಆರನೇ ಏಳನೇ ಕ್ಲಾಸಿನಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ಅದನ್ನು ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮಗಳು ಒಂಬತ್ತಕ್ಕೆ ಹತ್ತಿದಳು. ಎಂಜಿನಿಯರಿಂಗ್ ಆಸೆ ಇತ್ತು. ಕಾಲೇಜಿನ ಮೊದಲ ವರ್ಷ ಕ್ಯಾಲ್ಕುಲಸ್ ಕ್ಲಾಸಿನಲ್ಲಿ ಪಕ್ಕದವರೆಲ್ಲ ಅದನ್ನು ಎರಡನೇ ಸಲ ಓದುತ್ತಿದ್ದರು, ಇವಳು ಮೊದಲ ಸಲ. ಎರಡು ಟರ್ಮ್ ಕಷ್ಟಪಟ್ಟು ಬೇರೆ ವಿಷಯಕ್ಕೆ ಬದಲಾಯಿಸಿಕೊಂಡಳು. ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಚೆನ್ನಾಗಿದ್ದಾಳೆ, ನನಗೆ ಅವಳ ಬಗ್ಗೆ ಹೆಮ್ಮೆ ಇದೆ. ಆದರೂ ಒಂದು ಸಲ ಪಾತ್ರೆ ಒರೆಸುತ್ತಾ ಅಂದಳು, "ಅಮ್ಮ, ಏಳನೇ ಕ್ಲಾಸಿನಲ್ಲಿ ನೀನು ಒಂದೇ ಒಂದು ಸಲ ಕೇಳಿದ್ದಿದ್ದರೆ." ಬೈಯಲಿಲ್ಲ, ಸುಮ್ನೆ ಹೇಳಿದಳು. ಆ ಮಾತು ಇನ್ನೂ ನನ್ನ ಜೊತೆಗಿದೆ.

ಮಗನ ಹೊತ್ತಿಗೆ ನಾನು ಕಲಿತಿದ್ದೆ. 2016ರಲ್ಲಿ ಅವನು ಐದನೇ ಕ್ಲಾಸು. ಆರನೆಯದರ ಮುಂದುವರಿದ ಗಣಿತದ ಕ್ಲಾಸಿಗೆ ಒಂದು ಫಾರ್ಮ್ ಇತ್ತು, ಕೊನೆ ದಿನಾಂಕ ಇತ್ತು, ಒಂದು ಪರೀಕ್ಷೆ ಇತ್ತು. ಶಾಲೆಗೆ ಹೋಗಿ ಕೇಳಿ ಫಾರ್ಮ್ ತಂದೆ. ಅವತ್ತು ರಾತ್ರಿಯೇ ನಮ್ಮ ಮೂರು ಕನ್ನಡದ ಮನೆಗಳಿಗೆ ಫೋನ್ ಮಾಡಿ ಹೇಳಿದೆ. ಮೂರೂ ಮಕ್ಕಳು ಬರೆದರು, ಮೂರೂ ಸೇರಿದರು.

ನಮ್ಮ ಕೆಳಗಿನ ಮನೆಯಲ್ಲಿ ಸೊಮಾಲಿಯಾದ ಒಂದು ಕುಟುಂಬ ಇತ್ತು. ಆ ಹುಡುಗ ನನ್ನ ಮಗನ ಕ್ಲಾಸೇ. ಇಬ್ಬರೂ ನಮ್ಮ ಅಡುಗೆಮನೆಯ ಟೇಬಲ್ ಮೇಲೆ ಹೋಂವರ್ಕ್ ಮಾಡುತ್ತಿದ್ದರು. ಭಿನ್ನರಾಶಿ ಲೆಕ್ಕ ನನ್ನ ಮಗನಿಗೆ ಅವನೇ ಬಿಡಿಸಿ ತೋರಿಸಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಅವರಮ್ಮ ರಾತ್ರಿ ಪಾಳಿ, ಇಂಗ್ಲಿಷ್ ಕಡಿಮೆ. ಫಾರ್ಮ್ ತಂದ ದಿನವೂ ಆ ಹುಡುಗ ಅಲ್ಲೇ ಕೂತು ನಾನು ಕೊಟ್ಟ ಚಪಾತಿ ತಿಂದ. ಫಾರ್ಮು ಫ್ರಿಜ್ಜಿನ ಮೇಲಿತ್ತು. ನಾನು ಅವರ ಮನೆಗೆ ಹೇಳಲಿಲ್ಲ.

ಬೇಕೂಂತ ಮುಚ್ಚಿಟ್ಟಿದ್ದಲ್ಲ. ನೆನಪೇ ಆಗಲಿಲ್ಲ. ನಮ್ಮವರು ಅಂದಾಗ ನನಗೆ ಮೂರು ಫೋನ್ ನಂಬರ್ ನೆನಪಾದವು, ಇಪ್ಪತ್ತು ಮೆಟ್ಟಿಲು ಕೆಳಗಿದ್ದ ಮನೆ ನೆನಪಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಆ ಹುಡುಗ ಸಾಮಾನ್ಯ ಗಣಿತಕ್ಕೆ ಹೋದ, ನನ್ನ ಮಗ ಇನ್ನೊಂದು ಕೋಣೆಗೆ ಹೋದ. ಎರಡು ವರ್ಷದಲ್ಲಿ ಬಾಡಿಗೆ ಏರಿ ಅವರು ಮನೆ ಬಿಟ್ಟರು. ಎಲ್ಲಿದ್ದಾರೋ ಗೊತ್ತಿಲ್ಲ. ನನಗೆ ಆಗಿದ್ದನ್ನೇ ನಾನು ಇನ್ನೊಬ್ಬ ತಾಯಿಗೆ ಆಗಲು ಬಿಟ್ಟೆ. ಮಗಳ ವಿಷಯಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡುತ್ತದೆ.

ಅದಕ್ಕೇ, ತಾಯಿತಂದೆಗೆ ಗೊತ್ತಿರಲಿ ಬಿಡಲಿ, ಮಗುವಿನ ಅಂಕ ನೋಡಿ ಶಾಲೆಯೇ ಸೇರಿಸಬೇಕು ಅನ್ನುವ ಪದ್ಧತಿ ಕಂಡರೆ ನನಗೆ ಅಷ್ಟು ಗೌರವ. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯಲ್ಲಿ ಫೆಡರಲ್ ವೇ ಅಂತ ಊರಿದೆ. ಅಲ್ಲಿನ ಶಾಲಾ ಜಿಲ್ಲೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವ ಆಡಳಿತ, 2010ರಲ್ಲೇ ಇದನ್ನು ಶುರು ಮಾಡಿತು. ರಾಜ್ಯದ ಪರೀಕ್ಷೆಯಲ್ಲಿ ನಿಗದಿ ಮಟ್ಟ ಮುಟ್ಟಿದ ಮಗುವನ್ನು ತಾನಾಗಿಯೇ ಎಪಿಯಂಥ ಮೇಲ್ಮಟ್ಟದ ಕ್ಲಾಸಿಗೆ ಸೇರಿಸುವುದು. ಬೇಡ ಅನ್ನಬೇಕಾದವರು ತಂದೆತಾಯಿ. 2019ರಲ್ಲಿ ಸಿಯಾಟಲ್ ಇರುವ ನಮ್ಮ ವಾಷಿಂಗ್ಟನ್ ರಾಜ್ಯ ಇದನ್ನೇ ಕಾನೂನು ಮಾಡಿತು, 2021-22ರ ಹೊತ್ತಿಗೆ ಎಲ್ಲ ಜಿಲ್ಲೆಗಳೂ ತರಬೇಕು ಅಂತ. ಟೆಕ್ಸಸ್‌ನಲ್ಲಿ 2023ರ ಕಾನೂನು ಇನ್ನೂ ಕೆಳಗಿಂದ ಹಿಡಿಯುತ್ತದೆ. ಐದನೇ ಕ್ಲಾಸಿನ ಗಣಿತ ಪರೀಕ್ಷೆಯಲ್ಲಿ ಮೇಲಿನ 40 ಪರ್ಸೆಂಟ್‌ನಲ್ಲಿ ಬಂದವರು ಆರನೇ ಕ್ಲಾಸಿನಲ್ಲಿ ತಾನಾಗಿ ಮುಂದುವರಿದ ಗಣಿತಕ್ಕೆ ಹೋಗಬೇಕು. ನನಗಂತೂ ಅರಸೀಕೆರೆಯ ನೋಟಿಸ್ ಬೋರ್ಡ್ ನೆನಪಾಯಿತು.

ಬಾಗಿಲು ತೆಗೆದರೆ ಮಾತ್ರ ಸಾಲದು, ಒಳಗೆ ಕೈ ಹಿಡಿಯುವವರೂ ಬೇಕು. ಬೊಲಿವಿಯಾದಿಂದ ವಲಸೆ ಬಂದ ಹೈಮೆ ಎಸ್ಕಲಾಂಟೆ ಅಂತ ಒಬ್ಬ ಮೇಷ್ಟ್ರಿದ್ದರು. ಲಾಸ್ ಏಂಜಲಿಸ್‌ನ ಪೂರ್ವಭಾಗದ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ದುಡಿಯುವವರ ಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸಿದರು. 1982ರಲ್ಲಿ 18 ಮಕ್ಕಳು ಎಪಿ ಪರೀಕ್ಷೆ ಪಾಸಾದರು. ಪರೀಕ್ಷೆ ನಡೆಸುವವರು 14 ಮಕ್ಕಳು ನಕಲು ಮಾಡಿರಬಹುದು ಅಂತ ಅನುಮಾನಪಟ್ಟರು. 12 ಮಕ್ಕಳು ಮತ್ತೆ ಬರೆದರು, ಎಲ್ಲರೂ ಮತ್ತೆ ಪಾಸಾದರು. ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ, ಬೇಸಿಗೆ ರಜೆಯಲ್ಲಿ ಕೂಡ ಅವರಿಗೆ ಪಾಠ ನಡೆಯುತ್ತಿತ್ತು. ಹಾಗಾಗಿ ನಿಮ್ಮ ಮಗಳು ಮೇಲಿನ ಕ್ಲಾಸಿಗೆ ಹೋದಮೇಲೂ, ಶಾಲೆ ಮುಗಿದ ಮೇಲೆ ಹೇಳಿಕೊಡುವವರು ಯಾರಿದ್ದಾರೆ ಅಂತ ವಿಚಾರಿಸಿ.

ಇಷ್ಟೆಲ್ಲ ಹೇಳಿ, ಈಗ ನಿಮಗೆ ಬೇಕಾದದ್ದು. ರಾಜ್ಯದ ಕಾನೂನು ಹೈಸ್ಕೂಲಿನ ದಾರಿಯನ್ನು ನೋಡಿಕೊಳ್ಳುತ್ತದೆ. ಆದರೆ ಅದಕ್ಕಿಂತ ಕೆಳಗಿನ ಮಿಡಲ್ ಸ್ಕೂಲಿನ, ಅಂದರೆ ಸಾಮಾನ್ಯವಾಗಿ ಆರರಿಂದ ಎಂಟನೇ ಕ್ಲಾಸಿನ ಗಣಿತ, ಒಂದೊಂದು ಶಾಲಾ ಜಿಲ್ಲೆಯಲ್ಲಿ ಒಂದೊಂದು ರೀತಿ. ನಿಮ್ಮ ಮಗಳು ಇಲ್ಲಿ ಎಂಟನೇ ಕ್ಲಾಸಿಗೆ ಬರುತ್ತಾಳೆ, ಅಂದರೆ ಸರಿಯಾಗಿ ಆ ಮೊದಲ ಮೆಟ್ಟಿಲಿನ ವರ್ಷ. ರಾಜ್ಯದ ಪರೀಕ್ಷೆಯ ಅಂಕ ಅವಳ ಹತ್ತಿರ ಇರುವುದಿಲ್ಲ. ಕೇಳದಿದ್ದರೆ ಸಾಮಾನ್ಯ ಕ್ಲಾಸಿಗೆ ಹಾಕಿಬಿಡಬಹುದು. ಐದು, ಆರು, ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್, ಗಣಿತದ ಪುಸ್ತಕ, ನೋಟ್ಸು ತನ್ನಿ. ತೂಕ ಅಂತ ಬಿಟ್ಟು ಬರಬೇಡಿ, ಎರಡು ಕೆಜಿ ಅವಲಕ್ಕಿ ಕಡಿಮೆ ಮಾಡಿ. ಯಾವ ಮಟ್ಟದ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಟೆಸ್ಟ್ ಕೊಡಿ ಅಂತ ಕೇಳಿ. ಆಗುವುದಿಲ್ಲ ಅಂದರೆ ಯಾಕೆ ಅಂತ ಕೇಳಿ. ಅದು ಅಗೌರವ ಅಲ್ಲ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಮನೆ ಭಾಷೆ ಕನ್ನಡ ಅಂತಲೇ ಬರೆಯಿರಿ. ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಉಳಿದ ಪಾಠ ತಪ್ಪಬಾರದು ಅಂತ 1974ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿದೆ.

ಎಪಿ ಒಂದೇ ದಾರಿ ಅಂತಲೂ ತಿಳಿಯಬೇಡಿ. ಈ ರಾಜ್ಯದಲ್ಲಿ 1990ರಿಂದ ರನ್ನಿಂಗ್ ಸ್ಟಾರ್ಟ್ ಅಂತ ಇದೆ. ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳು ಊರಿನ ಸರ್ಕಾರಿ ಕಮ್ಯೂನಿಟಿ ಕಾಲೇಜಿಗೇ ಹೋಗಿ ಓದಬಹುದು, ಟ್ಯೂಷನ್ ಫೀಸಿಲ್ಲ, ಪುಸ್ತಕ ಮತ್ತು ಬಸ್ಸಿನ ಖರ್ಚು ನಮ್ಮದು. ಅದರ ವಿವರ ಇನ್ನೊಮ್ಮೆ ಬರೆಯುತ್ತೇನೆ, ಮಗಳಿಗೆ ಇನ್ನೂ ಮೂರು ವರ್ಷ ಇದೆಯಲ್ಲ.

ಆಗಸ್ಟ್ ಕೊನೆಯ ವಾರ ಶಾಲೆಯ ಆಫೀಸು ತೆರೆದಿರುತ್ತದೆ. ದಿನ ಗೊತ್ತಾದರೆ ತಿಳಿಸಿ, ಕೌನ್ಸೆಲರ್ ಹತ್ತಿರ ನಾನೂ ಬರುತ್ತೇನೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅದೇ ಶಾಲೆಗೆ ಹೊಸದಾಗಿ ಸೇರುವ ಮಗು ಇದ್ದರೆ, ಯಾವ ದೇಶದವರಾದರೂ ಸರಿ, ಅವರಮ್ಮನಿಗೂ ಹೇಳಿ ಕರೆದುಕೊಂಡು ಬನ್ನಿ. ನನ್ನ ಕಾರಿನಲ್ಲಿ ಐದು ಜನಕ್ಕೆ ಜಾಗ ಇದೆ.