ಡ್ಯುರಾಂಟ್‌ನನ್ನು ಬಿಟ್ಟು ಓಡನ್‌ನನ್ನು ಆರಿಸಿದಾಗ ಪೋರ್ಟ್‌ಲ್ಯಾಂಡ್‌ನವರಿಗೆ ತಲೆ ಇರಲಿಲ್ವಾ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವರ್ಷ ನಾನೂ ಓಡನ್ ಪಾರ್ಟಿ. ಆದ್ದರಿಂದ ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಚುರುಕ್ ಅಂತು. 2007ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಕೆವಿನ್ ಡ್ಯುರಾಂಟ್‌ನಂಥ ಆಟಗಾರ ಕೈಗೆ ಸಿಗುವಂತಿದ್ದರೂ ಪೋರ್ಟ್‌ಲ್ಯಾಂಡ್ ತಂಡ ಗ್ರೆಗ್ ಓಡನ್‌ನನ್ನು ಯಾಕೆ ಆರಿಸಿತು, ಅವರಿಗೆ ತಲೆ ಇರಲಿಲ್ವಾ ಅಂತ ಕೇಳಿದ್ದೀರಿ. ತಲೆ ಇತ್ತು. ಅವತ್ತು ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಬಲ್ಲ ಹೆಚ್ಚಿನವರ ತಲೆ ಹಾಗೇ ಓಡುತ್ತಿತ್ತು.

ನಾನು ಆಗ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋಗೆ ಬಂದು ಎರಡು ವರ್ಷ ಆಗಿತ್ತು. ಚಿಪ್ ಕಂಪನಿ ಕೆಲಸ, ಹೊಸ ಊರು, ವರ್ಷದಲ್ಲಿ ಎಂಟು ತಿಂಗಳು ಜಿಟಿಜಿಟಿ ಮಳೆ. ಸಂಜೆ ಮಾಡೋಕೆ ಬೇರೆ ಕೆಲಸ ಇಲ್ಲದೆ ಪೋರ್ಟ್‌ಲ್ಯಾಂಡ್ ತಂಡ ಟ್ರೇಲ್ ಬ್ಲೇಜರ್ಸ್‌ನ ಪಂದ್ಯಗಳನ್ನು ನೋಡುವ ಚಟ ಹತ್ತಿತ್ತು. ಬೆಂಗಳೂರಿನಲ್ಲಿ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ನಾನೂ ಆಡಿದವನೇ. ಐದಡಿ ಏಳಂಗುಲದ ಗಾರ್ಡ್, ಅಂದರೆ ಬುಟ್ಟಿಯಿಂದ ದೂರ ನಿಂತು ಚೆಂಡು ಆಡಿಸುವವನು. ನಮ್ಮ ಕೋಚ್ ಒಂದು ಮಾತು ಹೇಳುತ್ತಿದ್ದರು: "ಆಟ ನಾನು ಕಲಿಸ್ತೀನಿ ಕಣೋ, ಎತ್ತರ ನಿಮ್ಮಪ್ಪ ಅಮ್ಮನೇ ಕೊಟ್ಟು ಕಳಿಸಬೇಕು." ಅದೇ ಲೆಕ್ಕದಲ್ಲಿ ನನ್ನನ್ನು ಬೆಂಚಿನಲ್ಲಿ ಕೂರಿಸಿ, ಚೆಂಡು ಹಿಡಿಯಲು ಬಾರದ ಆರಡಿ ಮೂರಂಗುಲದ ಹುಡುಗನೊಬ್ಬನನ್ನು ಆಡಿಸುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಂಡ ನಾನೇ ಮುಂದೆ ಓಡನ್ ಪರ ವಾದ ಮಾಡಿದೆ. ನೋಡಿ ಹೇಗಿದೆ!

ಡ್ರಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಐಪಿಎಲ್ ಹರಾಜಿನ ಹಾಗಲ್ಲ. ದುಡ್ಡಿದ್ದವರು ಕೂಗಿ ಕೊಳ್ಳುವಂತಿಲ್ಲ. ತಂಡಗಳು ಸರದಿಯಲ್ಲಿ ಒಬ್ಬೊಬ್ಬ ಹೊಸ ಆಟಗಾರನನ್ನು ಆರಿಸಿಕೊಳ್ಳುತ್ತವೆ. ಪ್ಲೇಆಫ್‌ಗೆ ಹೋಗದ ತಂಡಗಳ ನಡುವೆ ಮೊದಲ ಸರದಿಗೆ ಲಾಟರಿ ಎತ್ತುತ್ತಾರೆ. ಜಾಸ್ತಿ ಸೋತವರಿಗೆ ಜಾಸ್ತಿ ಅವಕಾಶ. 2007ರಲ್ಲಿ ಎಲ್ಲರಿಗಿಂತ ಕೆಳಗಿದ್ದ ಮೆಂಫಿಸ್‌ಗೆ ನೂರಕ್ಕೆ 25ರಷ್ಟು ಅವಕಾಶವಿತ್ತು. 32 ಗೆದ್ದು 50 ಸೋತಿದ್ದ ನಮಗೆ ಬರೀ 5.3. ಆದರೂ ಲಾಟರಿ ನಮಗೇ ಹೊಡೆಯಿತು! ಎರಡನೇ ಸರದಿ ಸಿಯಾಟಲ್‌ಗೆ. ಪಾಪ ಮೆಂಫಿಸ್, ನಾಲ್ಕಕ್ಕೆ ಇಳಿಯಿತು.

ಅದು ಮೇ ತಿಂಗಳು. ಡ್ರಾಫ್ಟ್ ಜೂನ್ 28ಕ್ಕೆ. ನಡುವಿನ ಐದು ವಾರ ಊರಿಗೆ ಊರೇ ಒಂದೇ ಮಾತು ಆಡಿತು. ಓಡನ್ನಾ, ಡ್ಯುರಾಂಟಾ?

ಇಬ್ಬರೂ ಇಪ್ಪತ್ತು ತುಂಬದ ಹುಡುಗರು. ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಬರುವುದನ್ನು ಅದರ ಹಿಂದಿನ ವರ್ಷದಿಂದ ನಿಲ್ಲಿಸಿದ್ದರು. ಹಾಗಾಗಿ ಇಬ್ಬರೂ ಒಂದೊಂದು ವರ್ಷ ಕಾಲೇಜಿಗೆ ಹೋಗಿದ್ದರು. ಡ್ಯುರಾಂಟ್ ಟೆಕ್ಸಸ್‌ನಲ್ಲಿ. ಪಂದ್ಯಕ್ಕೆ ಸರಾಸರಿ 25.8 ಪಾಯಿಂಟ್, 11.1 ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ಹಿಡಿಯುವುದು). ಮೂರು ಪಾಯಿಂಟಿನ ಗೆರೆಯಾಚೆಯಿಂದ ಹೊಡೆದದ್ದರಲ್ಲಿ ನೂರಕ್ಕೆ 40 ಒಳಗೆ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ನೈಸ್ಮಿತ್ ಪ್ರಶಸ್ತಿ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಸಿಕ್ಕಿದ್ದು ಅದೇ ಮೊದಲು. ಆದರೆ ಅವನ ತಂಡ ಕಾಲೇಜುಗಳ ದೊಡ್ಡ ಟೂರ್ನಿಯ ಎರಡನೇ ಸುತ್ತಿನಲ್ಲೇ ಮನೆಗೆ ಹೋಯಿತು.

ಓಡನ್ ಓಹಾಯೋ ಸ್ಟೇಟ್‌ನಲ್ಲಿ. ಏಳಡಿ ಎತ್ತರ, ಬಾಗಿಲು ತುಂಬುವಂಥ ಮೈ, ಮುಖ ನೋಡಿದರೆ ನಲವತ್ತು ವರ್ಷದವನ ಹಾಗೆ. ಸರಾಸರಿ 15.7 ಪಾಯಿಂಟ್, 9.6 ರೀಬೌಂಡ್, 3.3 ಬ್ಲಾಕ್ (ಎದುರಾಳಿಯ ಶಾಟನ್ನು ಗಾಳಿಯಲ್ಲೇ ತಡೆಯುವುದು). ಲೆಕ್ಕ ಕಮ್ಮಿ ಅನ್ನಿಸುತ್ತದೆ ಅಲ್ವಾ? ಕಥೆ ಇರುವುದು ಅಲ್ಲೇ. ಅವನ ಬಲ ಮಣಿಕಟ್ಟಿಗೆ ಆಪರೇಷನ್ ಆಗಿತ್ತು. ಬಲಗೈ ಹುಡುಗ ಫೌಲಿಗೆ ಸಿಗುವ ಫ್ರೀ ಥ್ರೋಗಳನ್ನು ಎಡಗೈಯಲ್ಲಿ ಹಾಕುತ್ತಿದ್ದ. ಒಂದೂವರೆ ಕೈಯಲ್ಲಿ ಆಡಿ ತಂಡವನ್ನು ಫೈನಲ್‌ಗೆ ತಂದ. ಫೈನಲ್‌ನಲ್ಲಿ ಎದುರಿದ್ದದ್ದು ಫ್ಲೋರಿಡಾ. ಅವರ ಹತ್ತಿರ ಆಲ್ ಹಾರ್ಫರ್ಡ್, ಜೋಕಿಮ್ ನೋವಾ ಅನ್ನುವ ಇಬ್ಬರು ದೈತ್ಯರಿದ್ದರು. ಅವರ ನಡುವೆ ಈ ಹುಡುಗ 25 ಪಾಯಿಂಟ್, 12 ರೀಬೌಂಡ್, 4 ಬ್ಲಾಕ್ ತೆಗೆದ. 84-75ಕ್ಕೆ ತಂಡ ಸೋತಿತು, ನಿಜ. ಆದರೆ ಆ ರಾತ್ರಿ ಟಿವಿ ನೋಡಿದ ನಮಗೆಲ್ಲ ಒಂದೇ ಯೋಚನೆ: ಕೈ ವಾಸಿಯಾದ ಮೇಲೆ ಇವನನ್ನು ತಡೆಯೋರು ಯಾರು?

ಆಗಿನ ಲೋಕಜ್ಞಾನ ಏನು ಹೇಳುತ್ತಿತ್ತು ಅನ್ನುವುದನ್ನೂ ನೋಡಬೇಕು. 1999ರಿಂದ 2007ರವರೆಗಿನ ಒಂಬತ್ತು ಚಾಂಪಿಯನ್ ತಂಡಗಳನ್ನು ಎಣಿಸಿ. ನಾಲ್ಕರಲ್ಲಿ ಟಿಮ್ ಡಂಕನ್. ನಾಲ್ಕರಲ್ಲಿ ಶಕೀಲ್ ಓನೀಲ್. ಇಬ್ಬರೂ ಬುಟ್ಟಿಯ ಪಕ್ಕ ನಿಂತು ಆಡುವ ದೈತ್ಯರು. ಉಳಿದ ಒಂದು 2004ರ ಡೆಟ್ರಾಯಿಟ್, ಅಲ್ಲೂ ಬುಟ್ಟಿ ಕಾಯಲು ಬೆನ್ ವ್ಯಾಲೇಸ್. ಡ್ರಾಫ್ಟ್‌ಗೆ ಬರೀ ಎರಡು ವಾರ ಮುಂಚೆ ಡಂಕನ್‌ನ ಸ್ಯಾನ್ ಆಂಟೋನಿಯೋ ತಂಡ ಲೆಬ್ರಾನ್ ಜೇಮ್ಸ್ ತಂಡವನ್ನು 4-0 ಅಂತ ಗುಡಿಸಿಹಾಕಿತ್ತು. ಇದನ್ನು ನೋಡಿಕೊಂಡು ಕೂತವರಿಗೆ, ಹತ್ತು ವರ್ಷಕ್ಕೊಮ್ಮೆ ಸಿಗುವ ಇಂಥ ದೈತ್ಯ ಸೆಂಟರ್ ಬೇಡ, ತೆಳ್ಳಗಿನ ಶೂಟರ್ ಸಾಕು ಅಂತ ಹೇಳಲು ಎಂಥ ಧೈರ್ಯ ಬೇಕು ಯೋಚಿಸಿ. ಆಗಿನ ಜನರಲ್ ಮ್ಯಾನೇಜರ್ ಕೆವಿನ್ ಪ್ರಿಚರ್ಡ್. ಅವರು ಓಡನ್ ಹೆಸರು ಕೊಟ್ಟಾಗ ಯಾರಿಗೂ ಆಶ್ಚರ್ಯ ಆಗಲಿಲ್ಲ.

ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಮಾತ್ರ ಸಮಾಧಾನ ಇರಲಿಲ್ಲ. ನನ್ನ ಪಕ್ಕದ ಸೀಟಿನ ಹಿರಿಯರು, ಪೋರ್ಟ್‌ಲ್ಯಾಂಡ್‌ನಲ್ಲೇ ಹುಟ್ಟಿ ಬೆಳೆದವರು. 1977ರಲ್ಲಿ ಬಿಲ್ ವಾಲ್ಟನ್ ಕಪ್ ತಂದದ್ದನ್ನು ಕಂಡವರು. ಮರುವರ್ಷ ತಂಡ ಮೊದಲ 60ರಲ್ಲಿ 50 ಪಂದ್ಯ ಗೆದ್ದು ನಾಗಾಲೋಟದಲ್ಲಿದ್ದಾಗ ವಾಲ್ಟನ್ ಪಾದ ಕೈಕೊಟ್ಟಿದ್ದನ್ನೂ ಕಂಡವರು. ಆಮೇಲೆ 1984. ಹ್ಯೂಸ್ಟನ್ ಮೊದಲು ಒಲಾಜುವನ್‌ನನ್ನು ತೆಗೆದುಕೊಂಡಿತು. ಎರಡನೇ ಸರದಿ ನಮ್ಮದು. ನಾವು ಏಳಡಿಯ ಸ್ಯಾಮ್ ಬೋವಿಯನ್ನು ಆರಿಸಿದೆವು. ಕಾಲೇಜಿನಲ್ಲೇ ಕಾಲು ಮುರಿದುಕೊಂಡು ಎರಡು ವರ್ಷ ಆಟ ಬಿಟ್ಟಿದ್ದವನು. ಮೂರನೇ ಸರದಿಯ ಶಿಕಾಗೋ ಮೈಕಲ್ ಜೋರ್ಡನ್‌ನನ್ನು ಎತ್ತಿಕೊಂಡು ಹೋಯಿತು. ಬೋವಿಯ ಕಾಲು ಮತ್ತೆ ಮತ್ತೆ ಮುರಿಯಿತು. "ಈ ಊರಿಗೆ ಏಳಡಿಯವರ ಕಾಲು ಆಗಿಬರೋದಿಲ್ಲ" ಅನ್ನುವ ಅರ್ಥದಲ್ಲಿ ಅವರು ತಲೆ ಅಲ್ಲಾಡಿಸುತ್ತಿದ್ದರು. ನಾನು ನಕ್ಕೆ. ನಮ್ಮೂರಲ್ಲಿ ಶಕುನ ನೋಡುವ ಅಜ್ಜಿಯರನ್ನು ಬಿಟ್ಟು ಬಂದರೆ ಇಲ್ಲೂ ಒಬ್ಬರು ಸಿಕ್ಕರಲ್ಲಾ ಅಂತ.

ಇಲ್ಲೊಂದು ಮಾತು ಹೇಳಲೇಬೇಕು. 1984ನ್ನೂ 2007ನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಈಗ ರೂಢಿ. ನಾನು ಒಪ್ಪುವುದಿಲ್ಲ. 1984ರಲ್ಲಿ ಪೋರ್ಟ್‌ಲ್ಯಾಂಡ್ ಹತ್ತಿರ ಆಗಲೇ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ, ಜೋರ್ಡನ್ ಆಡುವ ಜಾಗದಲ್ಲೇ. ಅವರಿಗೆ ಬೇಕಿದ್ದದ್ದು ಸೆಂಟರ್. ಮನೆಯಲ್ಲಿ ಅಕ್ಕಿ ಇದೆ, ಬೇಳೆ ಇಲ್ಲ ಅಂತ ಅಂಗಡಿಗೆ ಹೋಗಿ ಬೇಳೆ ತಂದ ಹಾಗೆ. 2007ರಲ್ಲಿ ಆ ನೆಪವೂ ಇರಲಿಲ್ಲ. ತಂಡದಲ್ಲಿ ಆಗಲೇ ಇದ್ದ ಬ್ರ್ಯಾಂಡನ್ ರಾಯ್ ಗಾರ್ಡ್. ಲಮಾರ್ಕಸ್ ಆಲ್ಡ್ರಿಜ್ ಪವರ್ ಫಾರ್ವರ್ಡ್. ಡ್ಯುರಾಂಟ್ ಆಡುವ ಸ್ಮಾಲ್ ಫಾರ್ವರ್ಡ್ ಜಾಗದಲ್ಲಿ ನೆಲೆಯಾದ ಒಬ್ಬ ಆಟಗಾರನೂ ಇರಲಿಲ್ಲ. ಅಂದರೆ ಬರೀ 'ತಂಡಕ್ಕೆ ಏನು ಕೊರತೆ' ಅಂತ ನೋಡಿದ್ದರೂ ಡ್ಯುರಾಂಟ್ ಸರಿಹೊಂದುತ್ತಿದ್ದ. ರಾಯ್, ಡ್ಯುರಾಂಟ್, ಆಲ್ಡ್ರಿಜ್ ಒಟ್ಟಿಗೆ! ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಓಡನ್‌ನನ್ನು ಆರಿಸಿದ್ದು ಕೊರತೆ ನೋಡಿ ಅಲ್ಲ, ನಂಬಿಕೆಯಿಂದ. ದೊಡ್ಡವನಿದ್ದರೆ ಕಪ್ ಬರುತ್ತದೆ ಅನ್ನುವ ನಂಬಿಕೆ.

ನಾವು ಎಲ್ಲಿ ಎಡವಿದೆವು? ಗಾಯ ಮೊದಲೇ ಕಾಣಬೇಕಿತ್ತು ಅಂತ ಹೇಳುವವರ ಜೊತೆ ನಾನಿಲ್ಲ. ಓಡನ್‌ಗೆ ಗೊತ್ತಿದ್ದ ತೊಂದರೆ ಕೈಯದು, ಹೋಗಿದ್ದು ಮಂಡಿ. ನನ್ನ ಲೆಕ್ಕದಲ್ಲಿ ತಪ್ಪು ಬೇರೆ ಕಡೆ ಇದೆ. ಡ್ರಾಫ್ಟ್‌ಗೆ ಮುಂಚೆ ಹುಡುಗರ ಮೈಯನ್ನು ಅಳೆದು ತೂಗುವ ಕ್ಯಾಂಪ್ ಒಂದು ನಡೆಯುತ್ತದೆ. ಅಲ್ಲಿ ಡ್ಯುರಾಂಟ್ 185 ಪೌಂಡ್, ಅಂದರೆ ಸುಮಾರು 84 ಕಿಲೋ ಭಾರವನ್ನು ಬೆಂಚ್ ಪ್ರೆಸ್‌ನಲ್ಲಿ ಒಂದು ಸಲವೂ ಎತ್ತಲಿಲ್ಲ. ಅದು ದೊಡ್ಡ ಸುದ್ದಿ. ನಾನೂ ಕ್ಯಾಂಟೀನಿನಲ್ಲಿ ಹತ್ತು ಸಲ ಹೇಳಿ ನಗಾಡಿದೆ. ಅದೇ ಕ್ಯಾಂಪಿನಲ್ಲಿ ಅವನ ತೋಳನ್ನೂ ಅಳೆದಿದ್ದರು. ಎರಡೂ ಕೈ ಚಾಚಿದರೆ 7 ಅಡಿ 4 ಅಂಗುಲಕ್ಕಿಂತ ಜಾಸ್ತಿ. ಆರಡಿ ಒಂಬತ್ತಂಗುಲದ ಹುಡುಗ, ಇಷ್ಟುದ್ದ ತೋಳು, ಜೊತೆಗೆ ಗಾರ್ಡ್‌ನ ಹಾಗೆ ಶೂಟ್ ಮಾಡುವ ಕೈ. ಆ ಶಾಟ್ ತಡೆಯಲು ಯಾರಿಗೂ ಕೈ ಎಟುಕುವುದಿಲ್ಲ. ಬೆಂಚ್ ಪ್ರೆಸ್ ಎತ್ತಿದರೂ ಅಷ್ಟೇ, ಎತ್ತದಿದ್ದರೂ ಅಷ್ಟೇ. ಎರಡು ಅಂಕಿಗಳೂ ನಮ್ಮ ಕಣ್ಣೆದುರಿಗೇ ಇದ್ದವು. ನಾವು ನಗು ಬರಿಸುವ ಅಂಕಿಯನ್ನು ಹಿಡಿದುಕೊಂಡೆವು.

ಇನ್ನೊಂದು ಸುಳಿವೂ ಇತ್ತು. 2004-05ರ ಸೀಸನ್ನಿನಿಂದ, ಹೊರಗಡೆ ಆಡುವವನನ್ನು ಕೈಯಿಟ್ಟು ತಡೆಯುವುದಕ್ಕೆ ರೆಫರಿಗಳು ಬಿಗಿಯಾಗಿ ಫೌಲ್ ಕೊಡತೊಡಗಿದ್ದರು. ಫೀನಿಕ್ಸ್ ತಂಡ ಸ್ಟೀವ್ ನ್ಯಾಶ್‌ನನ್ನು ಇಟ್ಟುಕೊಂಡು ಓಡಿ ಓಡಿ ಆಡುತ್ತಿತ್ತು. ಹೊರಗಿನಿಂದ ಆಡುವವರ ಕಡೆ ಗಾಳಿ ತಿರುಗಿತ್ತು. ಆದರೆ ಫೀನಿಕ್ಸ್ ಕಪ್ ಗೆದ್ದಿರಲಿಲ್ಲವಲ್ಲ, ಅದಕ್ಕೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. 2007ರ ಸೆಪ್ಟೆಂಬರ್‌ನಲ್ಲಿ, ಒಂದು ಪಂದ್ಯವನ್ನೂ ಆಡುವ ಮೊದಲೇ, ಓಡನ್ ಬಲ ಮಂಡಿಗೆ ಮೈಕ್ರೋಫ್ರ್ಯಾಕ್ಚರ್ ಆಪರೇಷನ್. ಮೂಳೆಯಲ್ಲಿ ಸಣ್ಣ ಸಣ್ಣ ತೂತು ಕೊರೆದು, ಸವೆದ ಕಡೆ ಹೊಸ ಪದರ ಬೆಳೆಯಲಿ ಅಂತ ಕಾಯುವ ಚಿಕಿತ್ಸೆ ಅದು. ಒಂದು ವರ್ಷ ಹೋಯಿತು. ಮರುವರ್ಷ 61 ಪಂದ್ಯ ಆಡಿದ. ಅದರ ಮುಂದಿನ ವರ್ಷ 21 ಪಂದ್ಯದಲ್ಲಿ ಸರಾಸರಿ 11.1 ಪಾಯಿಂಟ್, 8.5 ರೀಬೌಂಡ್. ಹದಕ್ಕೆ ಬರುತ್ತಿದ್ದ. 2009ರ ಡಿಸೆಂಬರ್ 5ರಂದು ನಾನು ಸ್ಟೇಡಿಯಂನಲ್ಲಿದ್ದೆ. ಬ್ಲಾಕ್ ಮಾಡಲು ಹಾರಿ ಇಳಿದವನು ಎಡ ಮಂಡಿ ಹಿಡಿದುಕೊಂಡು ಬಿದ್ದ. ಮಂಡಿಚಿಪ್ಪು ಒಡೆದಿತ್ತು. ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಅವತ್ತೇ ನೋಡಿದ್ದು. ಪೋರ್ಟ್‌ಲ್ಯಾಂಡ್‌ಗಾಗಿ ಅವನು ಮತ್ತೆ ಆಡಲೇ ಇಲ್ಲ. ಒಟ್ಟು 82 ಪಂದ್ಯ, ಸರಿಯಾಗಿ ಒಂದು ಸೀಸನ್ನಿನ ಲೆಕ್ಕ. ಸಾಲದು ಅಂತ ರಾಯ್‌ನ ಮಂಡಿಗಳೂ ಸವೆದು ಅವನೂ 2011ರಲ್ಲಿ ಆಟ ನಿಲ್ಲಿಸಿದ. ಆಮೇಲೆ ಬೇರೆ ತಂಡದಲ್ಲಿ ಕೆಲವು ಪಂದ್ಯ ಆಡಿ ನೋಡಿದ, ಆಗಲಿಲ್ಲ.

ಒಂದು ವಿಷಯ ಮಾತ್ರ ಜನ ಮರೆತಿದ್ದಾರೆ. ಮೊದಲ ವರ್ಷ ನಮಗೆ ಪಶ್ಚಾತ್ತಾಪವೇ ಇರಲಿಲ್ಲ. ಓಡನ್ ಇಲ್ಲದೆಯೂ ನಾವು ಸತತ 13 ಪಂದ್ಯ ಗೆದ್ದೆವು, 41-41ಕ್ಕೆ ಮುಗಿಸಿದೆವು. ಡ್ಯುರಾಂಟ್ ಸಿಯಾಟಲ್‌ಗೆ ಪಂದ್ಯಕ್ಕೆ 20 ಪಾಯಿಂಟ್ ಹೊಡೆದು ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದ. ಆದರೆ ಅವರು ಗೆದ್ದದ್ದು ಬರೀ 20, ಸೋತದ್ದು 62. ಅವನ ಮೂರು ಪಾಯಿಂಟ್ ಶಾಟ್‌ಗಳು ನೂರಕ್ಕೆ 29ರಷ್ಟೂ ಬೀಳಲಿಲ್ಲ. "ನೋಡಿದ್ಯಾ?" ಅಂತ ನಾನು ಫೋನ್ ಮಾಡಿ ಕಾಲೆಳೆದದ್ದು ಸಿಯಾಟಲ್‌ನಲ್ಲಿದ್ದ ಹಾಸನದ ಗೆಳೆಯನನ್ನು. ಅವನು ಡ್ಯುರಾಂಟ್ ಪಾರ್ಟಿ. ಡ್ರಾಫ್ಟ್ ರಾತ್ರಿ ನಾವಿಬ್ಬರೂ ಪಂದ್ಯ ಕಟ್ಟಿದ್ದೆವು. ಐದು ವರ್ಷ ಬಿಟ್ಟು ನೋಡೋಣ, ಸೋತವನು ಗೆದ್ದವನ ಮನೆಗೆ ಹೋಗಿ ಬಿಸಿಬೇಳೆ ಬಾತ್ ಮಾಡಿ ಬಡಿಸಬೇಕು ಅಂತ.

ಐದು ವರ್ಷ ತುಂಬಿದ್ದು 2012ರ ಜೂನ್‌ನಲ್ಲಿ. ಮಾರ್ಚ್‌ನಲ್ಲೇ ನಮ್ಮ ತಂಡ ಓಡನ್‌ನನ್ನು ಕೈಬಿಟ್ಟಿತ್ತು. ಡ್ಯುರಾಂಟ್ ಫೈನಲ್ ಆಡುತ್ತಿದ್ದ. ನಾನು ಬೇಳೆ, ತುಪ್ಪ, ಊರಿಂದ ಅಮ್ಮ ಕಳಿಸಿದ್ದ ಪುಡಿ ಎಲ್ಲ ಕಾರಿಗೆ ಹಾಕಿಕೊಂಡು ಮೂರು ಗಂಟೆ ಓಡಿಸಿ ಸಿಯಾಟಲ್‌ಗೆ ಹೋದೆ. ಮಾತಿಗೆ ತಪ್ಪಲಿಲ್ಲ. ತಟ್ಟೆ ಹಿಡಿದು ಟಿವಿ ಮುಂದೆ ಕೂತೆವು. ಗೆದ್ದವನ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ. 2008ರಲ್ಲೇ ಮಾಲೀಕರು ಸಿಯಾಟಲ್ ತಂಡವನ್ನು ಡ್ಯುರಾಂಟ್ ಸಮೇತ ಓಕ್ಲಹೋಮ ಸಿಟಿಗೆ ಎತ್ತಿಕೊಂಡು ಹೋಗಿದ್ದರಲ್ಲ, ಡ್ಯುರಾಂಟ್ ಮೈಮೇಲೆ ಇದ್ದದ್ದು ಆ ಊರಿನ ಜೆರ್ಸಿ.

"ನಿನ್ನ ಹುಡುಗನ ಮಂಡಿ ಹೋಯ್ತು, ನನ್ನ ತಂಡವೇ ಹೋಯ್ತಲ್ಲೋ" ಅಂದ. ಡ್ಯುರಾಂಟ್ ಶಾಟ್ ಹಾಕಿದಾಗೆಲ್ಲ ನಾನು ಚಪ್ಪಾಳೆ ಹೊಡೆಯುತ್ತಿದ್ದೆ. ಗೆಳೆಯ ಎದುರಾಳಿ ಮಯಾಮಿ ಗೆಲ್ಲಲಿ ಅಂತ ಕೂತಿದ್ದ.